ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಬಾರದು

ಗಾಡಿ ಅಂತ ಒಂದು ಇರುವ ತನಕ, ಅದನ್ನು ನೆರಳಲ್ಲೇ ನಿಲ್ಲಿಸಬೇಕು ಅನ್ನುವ ಆಸೆ ಮನುಷ್ಯನಿಗೆ ಇರುವ ತನಕ, ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ನಿವೃತ್ತನಾದೆ ಅಂತ ಅವೇನೂ ನಿಲ್ಲಲಿಲ್ಲ. ನಾನಿಲ್ಲದೆ ನಡೆಯುತ್ತಿವೆ ಅನ್ನುವುದೇ ನನ್ನ ಹೊಟ್ಟೆಯುರಿ.

ಚಿಂತಾಮಣಿಯ ಹೊರಗೆ, ಅಂಬಾಜಿದುರ್ಗದ ಬೆಟ್ಟ ಕಾಣುವ ಕಡೆ, ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸು. ಅಲ್ಲಿನ ಭದ್ರತಾ ವಿಭಾಗದಲ್ಲಿ ನಾನು ಗುಮಾಸ್ತ. ನನ್ನ ಪಾಲಿಗೆ ಬಂದದ್ದು ವಾಹನ ನಿಲುಗಡೆ. ಹೆಣ್ಣು ಕೊಡಲು ಬಂದ ಮಾವನವರಿಗೆ ‘ಯೂನಿವರ್ಸಿಟೀಲಿದ್ದೀನಿ’ ಎಂದಷ್ಟೇ ಹೇಳಿದ್ದೆ. ಯಾವ ಸಬ್ಜೆಕ್ಟು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಪದ್ಧತಿ ಹೀಗಿತ್ತು. ನಿಲ್ಲಿಸಬಾರದ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಮೊದಲ ಸಲ ಒಂದು ಹಳದಿ ಚೀಟಿ, ಎರಡನೇ ಸಲ ಇನ್ನೊಂದು ಹಳದಿ ಚೀಟಿ, ಮೂರನೇ ಸಲ ಮೂರನೇ ಚೀಟಿಯ ಜೊತೆಗೆ ಗಾಡಿಯನ್ನೇ ಎಳೆದುಕೊಂಡು ಹೋಗಿ ಹಿಪ್ಪುನೇರಳೆ ತೋಟದ ಹಿಂದಿನ ಶೆಡ್ಡಿನಲ್ಲಿ ಹಾಕುವುದು. ದಂಡ ಅಂತ ಹಣ ಕಟ್ಟಿಸಿಕೊಳ್ಳುತ್ತಿರಲಿಲ್ಲ. ದಂಡಕ್ಕೆ ರಶೀದಿ ಪುಸ್ತಕ ಬೇಕು, ರಶೀದಿ ಪುಸ್ತಕಕ್ಕೆ ಮಂಜೂರಾತಿ ಬೇಕು, ಆ ಮಂಜೂರಾತಿಯ ಕಡತ ಯಾರ ಮೇಜಿನ ಮೇಲಿದೆ ಅನ್ನುವುದು ನಾನು ಕೆಲಸಕ್ಕೆ ಸೇರಿದಾಗಲೂ ಗೊತ್ತಿರಲಿಲ್ಲ, ಬಿಟ್ಟಾಗಲೂ ಗೊತ್ತಿರಲಿಲ್ಲ. ಹಾಗಾಗಿ ಶಿಕ್ಷೆ ಬೇರೆ ತರಹ. ಗಾಡಿ ಬೇಕಾದವರು ಕೈಯಾರೆ ಒಂದು ವಿವರಣೆ ಬರೆದು, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೇಲ್ಮನವಿ ಸಮಿತಿಯ ಎದುರು ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಕಾರಣ ಒಪ್ಪಿಗೆಯಾದರೆ ಗಾಡಿ ವಾಪಸ್ಸು. ಆಗದಿದ್ದರೆ ಗಾಡಿ ಇನ್ನೊಂದು ವಾರ ಶೆಡ್ಡಿನಲ್ಲಿ.

ಸಮಿತಿಯ ಅಧ್ಯಕ್ಷರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಅವರ ಅಕ್ಕಪಕ್ಕ ಇಬ್ಬರು ಸದಸ್ಯರು. ಹೆಸರು ಕೂಗಿ ಕರೆಯುವವನು ನಾನು. ಬಾಗಿಲಲ್ಲಿ ಸಾಕ್ಷಿಯಾಗಿ ನಿಲ್ಲುವವರು ಟ್ರ್ಯಾಕ್ಟರ್ ಭಾಯ್. ಮುರುಗಮಲ್ಲದಿಂದ ದಿನಾ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಕ್ಯಾಂಪಸ್ಸಿನ ಹೊಲ ಉತ್ತು, ಮಧ್ಯಾಹ್ನ ಅದೇ ಟ್ರ್ಯಾಕ್ಟರಿನಲ್ಲಿ ಗಾಡಿ ಎಳೆಯುತ್ತಿದ್ದರು. ಶನಿವಾರ ಬರುವಾಗ ಮುರುಗಮಲ್ಲದ ಬಸ್‌ಸ್ಟ್ಯಾಂಡಿನಲ್ಲಿ ಸಮೋಸ ಕಟ್ಟಿಸಿಕೊಂಡು ಬರುತ್ತಿದ್ದರು. ಎರಡು ಕೇಸಿನ ನಡುವೆ ನಾವಿಬ್ಬರೂ ಕಿಟಕಿ ಹತ್ತಿರ ನಿಂತು ತಿನ್ನುತ್ತಿದ್ದೆವು.

ಆ ಶನಿವಾರಗಳು ನನಗೆ ಬೇಕು. ಸಂಬಳ ಬೇಡ, ಕುರ್ಚಿ ಬೇಡ, ಶನಿವಾರ ಹನ್ನೊಂದು ಗಂಟೆ ಮಾತ್ರ ಬೇಕು. ಯಾಕೆ ಅಂತ ತಿಳಿಯಬೇಕಾದರೆ ಒಂದೆರಡು ಪ್ರಸಂಗ ಹೇಳಬೇಕು. ಎಲ್ಲವೂ ನಡೆದದ್ದು ಒಂದೇ ಹುಣಸೆಮರದ ಕೆಳಗೆ. ಆಡಳಿತ ಕಚೇರಿಯ ಎದುರಿಗಿದ್ದ ಆ ಮರಕ್ಕೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಅಂತ ಬೋರ್ಡು ಹೊಡೆದಿದ್ದೆವು, ಯಾಕೆಂದರೆ ಕುಲಪತಿಗಳ ಕಾರು ತಿರುಗುವುದು ಅಲ್ಲೇ. ಇಡೀ ಕ್ಯಾಂಪಸ್ಸಿನಲ್ಲಿ ಅಷ್ಟು ಒಳ್ಳೆಯ ನೆರಳು ಇನ್ನೊಂದಿರಲಿಲ್ಲ.

ತಲುಪಿದ ಚೀಟಿ

ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರ ಕಾರನ್ನು ಎಳೆದಿದ್ದೆವು. ಶನಿವಾರ ಬಂದವರೇ, “ಇದು ಅನ್ಯಾಯ. ನನಗೆ ಮೊದಲನೇ ಚೀಟೀನೂ ಬಂದಿಲ್ಲ, ಎರಡನೇದೂ ಬಂದಿಲ್ಲ. ಸೀದಾ ಗಾಡಿ ಎಳೆದಿದ್ದಾರೆ” ಎಂದರು.

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಭಾಯ್ ಮುಖ ನೋಡಿದೆ. ಚೀಟಿಯನ್ನು ಕಾರಿನ ಗಾಜಿಗೆ ಅಂಟಿಸಿದ್ದು ನಿಜ. ಅಂಟುಪಟ್ಟಿಗೆ ಬೇಡಿಕೆ ಕೊಟ್ಟು ಎರಡು ವರ್ಷವಾಗಿದ್ದರೂ ಬಂದಿರಲಿಲ್ಲವಾದ್ದರಿಂದ ಭಾಯ್ ತಮ್ಮ ಮನೆಯಲ್ಲೇ ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ ಡಬ್ಬಿಯಲ್ಲಿ ತರುತ್ತಿದ್ದರು.

“ಎರಡು ಸಲಾನೂ ನಾನೇ ಅಂಟಿಸಿದ್ದೀನಿ ಸಾರ್,” ಎಂದರು ಭಾಯ್. “ಗಟ್ಟಿಯಾಗಿ ಅಂಟಿಸಿದ್ದೀನಿ. ಅಂಟು ಕೆಡಬಾರ್ದು ಅಂತ ಸ್ವಲ್ಪ ಉಪ್ಪೂ ಹಾಕಿದ್ದೆ.”

“ಹಾಗಾದ್ರೆ ಎಲ್ಲಿ ಹೋಯ್ತು?” ಎಂದರು ಮೇಷ್ಟ್ರು.

ಅಷ್ಟರಲ್ಲಿ ಸದಸ್ಯರೊಬ್ಬರು ಕಿಟಕಿ ಕಡೆ ಕೈ ತೋರಿಸಿದರು. ಹುಣಸೆಮರದ ಕೆಳಗೆ ಆ ದಿನ ನಿಂತಿದ್ದ ಇನ್ನೊಂದು ಕಾರಿನ ಗಾಜನ್ನು ಒಂದು ಹಸು ತನ್ಮಯವಾಗಿ ನೆಕ್ಕುತ್ತಿತ್ತು. ಹಳದಿ ಕಾಗದದ ಒಂದು ಮೂಲೆ ಅದರ ಬಾಯಿಂದ ಆಚೆ ಇತ್ತು. ನಾವು ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು.

ಅಧ್ಯಕ್ಷರು ಪೆನ್ನು ತೆಗೆದು ಆದೇಶ ಬರೆದರು: ‘ಚೀಟಿ ಹೊರಡಿಸಿದ್ದು ಸರಿಯಾಗಿದೆ. ಆದರೆ ಅದು ವಾಹನದ ಮಾಲೀಕರಿಗೆ ತಲುಪದೆ ಹಸುವಿಗೆ ತಲುಪಿದೆ. ಕಾರು ಬಿಡುವುದು.’

ಮೇಷ್ಟ್ರು ಗೆದ್ದ ಗತ್ತಿನಲ್ಲಿ ಹೊರಟರು. ಭಾಯ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ಕೇಸು ಸೋತ್ರೆ ಸೋತ್ವಿ, ಹೋಗ್ಲಿ ಬಿಡಿ ಸಾರ್. ಉಪ್ಪು ಸರಿಯಾಗಿದೆ ಅಂತ ಗೊತ್ತಾಯ್ತಲ್ಲ.”

ಗೂಡಿನ ಚೀಲ

ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಎಂ.ಎಸ್ಸಿ.ಗೆ ಬರುತ್ತಿದ್ದ ಹುಡುಗಿಯೊಬ್ಬಳ ಮೊಪೆಡ್ಡನ್ನು ಒಂದು ಗುರುವಾರ ಎಳೆದುಕೊಂಡು ಹೋದೆವು. ಮೂರನೇ ಸಲ ಸಿಕ್ಕಿಬಿದ್ದಿತ್ತು. ಪರೀಕ್ಷೆ ಮುಗಿಸಿ ಬಂದವಳು ಶೆಡ್ಡಿಗೆ ಓಡಿ ಬಂದಳು.

“ಅಂಕಲ್, ಗಾಡಿ ನೀವೇ ಇಟ್ಕೊಳ್ಳಿ. ಚೀಲ ಕೊಟ್ಬಿಡಿ. ಅದ್ರಲ್ಲಿ ಗೂಡಿದೆ. ಮಾವ ಗೇಟ್ ಹತ್ರ ಕಾಯ್ತಾವ್ರೆ, ಮಾರ್ಕೆಟ್ಟಿಗೆ ತಗೊಂಡೋಗ್ಬೇಕು.”

ನೋಡಿದರೆ ಮೊಪೆಡ್ಡಿನ ಮುಂದೆ ಒಂದು ಚೀಲದ ತುಂಬ ರೇಷ್ಮೆಗೂಡು. ಭಾಯ್‌ಗೆ ಇದರಲ್ಲಿ ಕಣ್ಣು ಚೆನ್ನಾಗಿತ್ತು. ಅವರ ಹೆಂಡತಿಯ ತವರಿನವರು ಶಿಡ್ಲಘಟ್ಟದಲ್ಲಿ ತಲೆತಲಾಂತರದಿಂದ ರೇಷ್ಮೆ ನೂಲು ತೆಗೆಯುವವರು. ಒಂದು ಗೂಡು ಎತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, “ಒಳ್ಳೇ ಮಾಲು ಕಣಮ್ಮ. ಆದ್ರೆ ತಡ ಮಾಡೋ ಹಾಗಿಲ್ಲ” ಎಂದರು.

ನಾವಿಬ್ಬರೂ ಭದ್ರತಾಧಿಕಾರಿಗಳ ಹತ್ತಿರ ಹೋದೆವು. ಅವರು ಶಿಸ್ತಿನ ಮನುಷ್ಯ. “ಎಳೆದ ಮೇಲೆ ಗಾಡಿ ಮೇಲೆ ಏನಿದೆಯೋ ಎಲ್ಲಾ ಸೇರಿ ಎಳೆದ ಹಾಗೆ. ಶನಿವಾರ ಸಮಿತಿ ನೋಡ್ಕೊಳ್ಳುತ್ತೆ” ಎಂದುಬಿಟ್ಟರು.

ಭಾಯ್ ಕೈಕಟ್ಟಿಕೊಂಡು ಬಹಳ ವಿನಯದಿಂದ ಹೇಳಿದರು: “ಆಗ್ಲಿ ಸಾರ್. ಶನಿವಾರದ ಹೊತ್ತಿಗೆ ಗೂಡು ತೂತು ಮಾಡ್ಕೊಂಡು ಚಿಟ್ಟೆ ಆಚೆ ಬರ್ತವೆ. ಮೊಟ್ಟೆ ಇಡ್ತವೆ. ಮೊಟ್ಟೆ ಒಡೆದು ಹುಳ ಆಗ್ತವೆ. ಹುಳಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕ್ಬೇಕು. ಸೆಕ್ಯೂರಿಟಿಯೋರಲ್ಲಿ ಯಾರಿಗೆ ಆ ಡ್ಯೂಟಿ ಅಂತ ಒಂದು ಆರ್ಡರ್ ಮಾಡಿ ಕೊಟ್ಬಿಡಿ ಸಾರ್.”

ಅಧಿಕಾರಿಗಳು ಡ್ಯೂಟಿ ಪಟ್ಟಿ ತೆಗೆದು ಒಮ್ಮೆ ಕಣ್ಣಾಡಿಸಿದರು. ಆಮೇಲೆ “ಚೀಲ ಬಿಡಿ” ಎಂದರು.

ಶನಿವಾರ ಹುಡುಗಿ ವಿವರಣೆ ಓದಿದಳು. ‘ಬಿಸಿಲಲ್ಲಿ ನಿಲ್ಲಿಸಿದರೆ ಗೂಡು ಹಾಳಾಗುತ್ತದೆ, ಆದ್ದರಿಂದ ಮರದ ಕೆಳಗೆ ನಿಲ್ಲಿಸಿದೆ’ ಅಂತ ಒಂದೇ ಸಾಲು. ಅಧ್ಯಕ್ಷರಿಗೆ ಅದು ಬಹಳ ಹಿಡಿಸಿತು. ಮೊಪೆಡ್ಡು ಬಿಟ್ಟರು. ಮುಂದಿನ ಶನಿವಾರ ಅವಳು ಸುಮ್ಮನೆ ಬಂದು, ಮಾಲು ಚೆನ್ನಾಗಿ ಹೋಯಿತು ಅಂತ ಭಾಯ್‌ಗೆ ಹೇಳಿ ಹೋದಳು. ಈಗ ಚಿಕ್ಕಬಳ್ಳಾಪುರದಲ್ಲಿ ಪಾಠ ಮಾಡುತ್ತಾಳಂತೆ. ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಿ “ಅಂಕಲ್, ಶನಿವಾರ ಇನ್ನೂ ಕೂಗ್ತೀರಾ?” ಎಂದು ಕೇಳಿದಳು. ‘ಹೂಂ’ ಎಂದೆ. ನಿವೃತ್ತನಾಗಿ ಆಗಲೇ ಎರಡು ತಿಂಗಳಾಗಿತ್ತು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಅವಳ ಆದೇಶದ ಸುದ್ದಿ ಹಾಸ್ಟೆಲಿನಲ್ಲೆಲ್ಲಾ ಹಬ್ಬಿ, ಅಲ್ಲಿಂದಾಚೆ ಹುಣಸೆಮರದ ಕೆಳಗೆ ಸಿಕ್ಕಿಬಿದ್ದವರೆಲ್ಲ ಗೂಡು ಸಾಗಿಸುವವರೇ ಆದರು. ಗೌರಿಬಿದನೂರಿನಿಂದ ಬರುತ್ತಿದ್ದ ಒಬ್ಬ ಮಹಾಶಯ ಹೆಲ್ಮೆಟ್ಟಿನೊಳಗೆ ನಾಲ್ಕು ಗೂಡು ಇಟ್ಟುಕೊಂಡು ಸಮಿತಿಯ ಮುಂದೆ ಹಾಜರಾದ. ಭಾಯ್ ಒಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, “ಸಾರ್, ಇದ್ರೊಳಗಿದ್ದೋರು ಹೋದ ವರ್ಷಾನೇ ಖಾಲಿ ಮಾಡ್ಕೊಂಡು ಹೋಗವ್ರೆ” ಎಂದರು.

ಅಧ್ಯಕ್ಷರ ಕೇಸು

ಒಂದು ದಿನ ಭಾಯ್ ಮುಖ ಬಾಡಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಸಾರ್, ಒಂದು ತಪ್ಪಾಗಿದೆ. ಆದ್ರೆ ತಪ್ಪಲ್ಲ.”

ನಮ್ಮ ಸಮಿತಿಯ ಅಧ್ಯಕ್ಷರ ಕಾರನ್ನೇ ಎಳೆದು ತಂದಿದ್ದರು. ಮೂರನೇ ಸಲ ಮರದ ಕೆಳಗೆ ನಿಂತಿತ್ತಂತೆ. ‘ಯಾರೇ ಆಗಿರಲಿ’ ಅನ್ನುವ ಮಾತನ್ನು ನಿಯಮಕ್ಕೆ ಸೇರಿಸಿದವರೂ ಅವರೇ. ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ. “ಸರಿಯಾಗೇ ಮಾಡಿದ್ದಾರೆ. ಶನಿವಾರದ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿ” ಎಂದರು.

ಶನಿವಾರ ಅಧ್ಯಕ್ಷರು ತಮ್ಮ ಜಾಗದಲ್ಲಿ ಕೂತು, “ನನ್ನನ್ನ ಕೂಗಿ” ಎಂದರು. ಎರಡಡಿ ದೂರದಲ್ಲಿ ಕೂತವರನ್ನು ನಾನು ಪದ್ಧತಿಯಂತೆ ಮೂರು ಸಲ ಕೂಗಿ ಕರೆದೆ. ಅವರು ಎದ್ದು, ಮೇಜು ಸುತ್ತಿಕೊಂಡು ಬಂದು, ಈಚೆ ನಿಂತು ವಿವರಣೆ ಓದಿದರು. ಹುಣಸೆ ಹೂ ಬಿಟ್ಟಿತ್ತು, ನೋಡಲು ಹೋಗಿದ್ದೆ, ಹೊತ್ತು ಹೋದದ್ದು ತಿಳಿಯಲಿಲ್ಲ ಅಂತ ಇತ್ತು. ಓದಿ ಮುಗಿಸಿ, ಮತ್ತೆ ಸುತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. ಕನ್ನಡಕ ಹಾಕಿಕೊಂಡು ಖಾಲಿ ಜಾಗವನ್ನು ನೋಡಿ ಕೇಳಿದರು: “ಹೂವು ನೋಡೋದಕ್ಕೆ ಕಾರು ಯಾಕೆ ಬೇಕಿತ್ತು?”

ಎದ್ದು ಈಚೆ ಬಂದರು. “ಮಂಡಿನೋವು ಸಾರ್.”

ಆಚೆ ಹೋಗಿ ಕೂತರು. “ಡಾಕ್ಟರ ಸರ್ಟಿಫಿಕೇಟು ಇದೆಯಾ?”

ಈಚೆ ಬಂದರು. “ತಂದಿಲ್ಲ.”

ಆಚೆ ಹೋದರು. ಮಂಡಿನೋವು ನಿಜ ಅನ್ನುವುದು ಆ ಓಡಾಟದಲ್ಲೇ ನಮಗೆಲ್ಲ ಗೊತ್ತಾಗುತ್ತಿತ್ತು. ಆದರೂ ಅವರು ‘ಕಾರಣ ಸಮಾಧಾನಕರವಾಗಿಲ್ಲ, ತಿರಸ್ಕರಿಸಲಾಗಿದೆ’ ಅಂತ ಬರೆದು ಸಹಿ ಹಾಕಿದರು. ಆ ವಾರವೆಲ್ಲ ಅವರನ್ನು ಮನೆಯಿಂದ ವಿಭಾಗಕ್ಕೆ ಭಾಯ್ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಓಡಾಡಿಸಿದರು.

ಆ ಶನಿವಾರ ಹೊರಡುವಾಗ ಪ್ರಾಧ್ಯಾಪಕರು ನನ್ನ ಭುಜ ಹಿಡಿದು ಗುಟ್ಟಿನಲ್ಲಿ ಹೇಳಿದ ಮಾತು ಇದು: “ಆ ಅಧ್ಯಕ್ಷಂದು ಸ್ವಲ್ಪ ಜಾಸ್ತಿಯಾಯ್ತು ಕಣ್ರೀ.”

ಮರ ಯಾರದು

ಒಂದು ಶನಿವಾರ ಹುಡುಗನೊಬ್ಬನ ಬೈಕಿನ ಕೇಸಿಗೆ ಅವನ ಬದಲು ಅವನ ಅಜ್ಜಿ ಬಂದಿದ್ದರು. ಪಕ್ಕದ ಹಳ್ಳಿಯವರು. ಒಳಗೆ ಬಂದವರೇ ಕುರ್ಚಿ ಎಳೆದುಕೊಂಡು ಕೂತರು.

“ವಿವರಣೆ ಓದಿ ಅಮ್ಮ,” ಎಂದರು ಅಧ್ಯಕ್ಷರು.

“ಓದೋಕೆ ಬರಾಕಿಲ್ಲ ನಾಯನಾ. ಬಾಯಲ್ಲೇ ಹೇಳ್ತೀನಿ. ಆ ಚೆಟ್ಟು ಮಾದಿ.”

ಅಧ್ಯಕ್ಷರು ಧಾರವಾಡದ ಕಡೆಯವರು, ತೆಲುಗು ಬಾರದು. “ಆ ಮರ ನಮ್ಮದು ಅಂತಿದ್ದಾರೆ” ಎಂದು ನಾನು ಹೇಳಿದೆ.

ಅಜ್ಜಿ ಮುಂದುವರಿಸಿದರು. “ನಮ್ಮ ಮಾವ ನೆಟ್ಟಿದ್ದು. ಆಮೇಲೆ ಕಾಲೇಜಿಗೆ ಅಂತ ಹೊಲ ತಗೊಂಡ್ರಿ. ತಗೊಳ್ಳಿ, ಮಕ್ಕಳು ಓದ್ಲಿ ಅಂತ ಕೊಟ್ವಿ. ನನ್ನ ಮೊಮ್ಮಗ ಅವನ ಮುತ್ತಾತ ನೆಟ್ಟ ಮರದ ಕೆಳಗೆ ಗಾಡಿ ನಿಲ್ಸಿದ್ರೆ ತಪ್ಪು ಅಂತೀರಾ. ಸರಿ. ನಿಮ್ಮ ಈ ಆಫೀಸು ನಮ್ಮ ಕಡಲೆಕಾಯಿ ಹೊಲದ ನಟ್ಟನಡುವೆ ನಿಂತಿದೆ. ಇದನ್ನ ಯಾರನ್ನ ಕೇಳಿ ನಿಲ್ಸಿದ್ರಿ? ಮೊದ್ಲು ಇದನ್ನ ಎಳ್ಕೊಂಡು ಹೋಗಿ, ಆಮೇಲೆ ಅವನ ಗಾಡಿ ವಿಚಾರ ಮಾತಾಡಣ.”

ಅಧ್ಯಕ್ಷರು ಗಂಭೀರವಾಗಿ ಬಾಗಿಲ ಕಡೆ ತಿರುಗಿ ಕೇಳಿದರು: “ಭಾಯ್, ಆಗುತ್ತಾ?”

ಭಾಯ್ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, “ಪಾಯ ಇದೆ ಸಾರ್. ನಮ್ಮ ಚೈನು ಸಾಲಲ್ಲ” ಎಂದರು.

ಬೈಕು ಬಿಟ್ಟರು. ಆದರೆ ಅಜ್ಜಿ ಮನೆಗೆ ಹೋಗಲಿಲ್ಲ. ಹುಣಸೆಮರದ ಬುಡಕ್ಕೆ ಹೋಗಿ, ಚಪ್ಪಲಿ ಬಿಟ್ಟು, ಕಾಂಡಕ್ಕೆ ಬೆನ್ನು ಕೊಟ್ಟು ಕೂತರು. ಮಧ್ಯಾಹ್ನ ನಾನು ಊಟಕ್ಕೆ ಹೊರಟಾಗಲೂ ಅಲ್ಲೇ ಇದ್ದರು. ಹತ್ತಿರ ಹೋಗಿ, “ಯಾಕಮ್ಮ, ಆಯಾಸ ಆಯ್ತಾ?” ಎಂದೆ.

“ಇಲ್ಲ ಕಣಪ್ಪ. ಕಳೆ ತೆಗೆಯೋಕೆ ಬಂದಾಗ ಇಲ್ಲೇ ಬುತ್ತಿ ಬಿಚ್ಚೋದು. ಈಗ ಗೇಟಲ್ಲಿ ಬಿಡಲ್ಲ. ಏನು ಕೆಲಸ ಅಂತ ಕೇಳ್ತಾರೆ. ಮರ ನೋಡೋಕೆ ಅಂದ್ರೆ ನಗ್ತಾರೆ. ಕೇಸಿದೆ ಅಂದ್ರೆ ಬಿಡ್ತಾರೆ.” ಸುತ್ತ ನೋಡಿ ದನಿ ತಗ್ಗಿಸಿದರು. “ಅದಕ್ಕೇ ಮೊಮ್ಮಗನಿಗೆ ನಾನೇ ಹೇಳಿದ್ದು, ಅಲ್ಲೇ ನಿಲ್ಸು ಅಂತ.”

“ಮೂರು ಸಲಾನೂ ನೀವೇ ಹೇಳಿದ್ದಾ?”

“ಮತ್ತೆ? ಮೂರಾದ್ರೇ ತಾನೇ ನೀವು ಕರೆಯೋದು.”

ಹಾರ ಹಾಕಿಕೊಂಡು ಹೋದದ್ದು

ನಾನು ನಿವೃತ್ತನಾದ ದಿನ ಮಧ್ಯಾಹ್ನ ಮೂರಕ್ಕೆ ಬೀಳ್ಕೊಡುಗೆ ಸಮಾರಂಭ. ಬೆಳಿಗ್ಗೆ ಕೊನೆಯ ಕೆಲಸ ಅಂತ ಒಂದು ಆದೇಶಕ್ಕೆ ಸಹಿ ಹಾಕಿದ್ದೆ: ಸಮಾರಂಭಕ್ಕೆ ಕುಲಪತಿಗಳು ಬರುವುದರಿಂದ ಮರದ ಕೆಳಗೆ ಯಾವ ಗಾಡಿ ಕಂಡರೂ ಚೀಟಿ ಗೀಟಿ ಇಲ್ಲದೆ ಎಳೆಯುವುದು.

ಹಾರ ತರಲು ನನ್ನ ಸ್ಕೂಟರ್ ತೆಗೆದುಕೊಂಡು ಹೋಗಿದ್ದ ಜವಾನರು ಅವಸರದಲ್ಲಿ ಅದನ್ನು ಎಲ್ಲಿ ನಿಲ್ಲಿಸಿದ್ದರು ಅಂತ ನಾನು ಹೇಳಬೇಕಾಗಿಲ್ಲ. ಸಮಾರಂಭದಲ್ಲಿ ‘ಇವರು ಇಲ್ಲದ ಹುಣಸೆಮರವನ್ನು ಊಹಿಸಿಕೊಳ್ಳಲಾಗದು’ ಅಂತ ಯಾರೋ ಭಾಷಣ ಮಾಡುತ್ತಿದ್ದಾಗ ಕಿಟಕಿಯ ಆಚೆ ನನ್ನ ಸ್ಕೂಟರ್ ಟ್ರೈಲರ್ ಮೇಲೆ ನಿಂತುಕೊಂಡು ಹೋಗುವುದು ಕಾಣಿಸಿತು.

ಅಂದು ಶನಿವಾರವಲ್ಲ. ಮೇಲ್ಮನವಿ ಕೇಳುವವರಿಲ್ಲ. ಭಾಯ್ ತಲೆ ಕೆರೆದುಕೊಂಡು, “ಆರ್ಡರು ನಿಮ್ದೇ ಸಾರ್. ಶೆಡ್ಡಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಹತ್ತಿ, ಮನೆಗೇ ಎಳ್ಕೊಂಡು ಹೋಗಣ” ಎಂದರು. ನಾನು ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ ಹಾರ ಹಾಕಿಕೊಂಡು ಕೂತೆ. ಹಿಂದೆ ಸ್ಕೂಟರ್. ದಾರಿಯುದ್ದಕ್ಕೂ ಇಬ್ಬರೂ ರಸ್ತೆಯನ್ನೇ ನೋಡಿದೆವು. ಅವರ ಮುಖ ನೋಡಿದ್ದರೆ ಅತ್ತುಬಿಡುತ್ತಿದ್ದೆ, ಅವರೂ ಅಷ್ಟೇ.

ಚಿಂತಾಮಣಿಯ ಸರ್ಕಲ್ಲಿನಲ್ಲಿ ಹೂವಿನಂಗಡಿಯವನು ನಮ್ಮನ್ನು ನೋಡಿ ಕೈಮುಗಿದು ಕೇಳಿದ: “ಅಣ್ಣಾ, ಯಾವ ವಾರ್ಡಲ್ಲಿ ಗೆದ್ರಿ?”

ವಿಚಾರಣೆ

ನಿವೃತ್ತಿಯಾದ ಮೇಲೆ ಭಾನುವಾರದಿಂದ ಶುಕ್ರವಾರದವರೆಗೆ ಹೇಗೋ ದಿನ ಹೋಗುತ್ತಿತ್ತು. ಶನಿವಾರ ಹನ್ನೊಂದಾಗುತ್ತಿದ್ದಂತೆ ಗಂಟಲು ಕೆರೆಯಲು ಶುರುವಾಗುತ್ತಿತ್ತು. ಒಂದು ಶನಿವಾರ ಹಾಲಿನವರು ಗೇಟಿಗೆ ಅಡ್ಡವಾಗಿ ಸೈಕಲ್ ನಿಲ್ಲಿಸಿದ್ದಕ್ಕೆ ಅವರನ್ನು ಹಜಾರದಲ್ಲಿ ನಿಲ್ಲಿಸಿ ಕಾರಣ ಕೇಳಿದೆ. ಅವರು ಪಾಪ, ಮಗಳ ಮದುವೆಯಿಂದ ಹಿಡಿದು ಎಲ್ಲಾ ಹೇಳಿಕೊಂಡರು. ಹೆಂಡತಿ ಅಡುಗೆಮನೆಯಿಂದ ಬಂದು, “ಹಾಲು ಬೇಕಾದ್ರೆ ಅವರನ್ನ ಬಿಡಿ. ನಿಮಗೆ ಅಷ್ಟು ಸಂಕಟ ಆದ್ರೆ ಹೋಗಿ ಒಂದ್ಸಲ ನೋಡ್ಕೊಂಡು ಬನ್ನಿ” ಎಂದಳು.

ಮುಂದಿನ ಶನಿವಾರ ಹೋದೆ. ಸ್ಕೂಟರಿನ ಮೇಲೆ ಹಳೆಯ ಸಿಬ್ಬಂದಿ ಸ್ಟಿಕ್ಕರ್ ಇನ್ನೂ ಇತ್ತು, ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಸಮಿತಿಯ ಬಾಗಿಲಿಗೆ ಹೋದರೆ ನನ್ನ ಜಾಗಕ್ಕೆ ಬಂದಿದ್ದ ಹೊಸ ಗುಮಾಸ್ತೆ, ಒಳ್ಳೆಯ ಹುಡುಗಿ, ನಗುತ್ತಲೇ ಅಡ್ಡ ನಿಂತಳು. “ಸರ್, ಕೇಸ್ ಇರೋರು ಮಾತ್ರ ಒಳಗೆ ಬರೋ ಹಾಗಿರೋದು. ನೀವೇ ಬರೆಸಿದ ಬೋರ್ಡಲ್ವಾ?” ತಲೆಯೆತ್ತಿ ನೋಡಿದೆ. ‘ಪ್ರಕರಣ ಇಲ್ಲದವರಿಗೆ ಪ್ರವೇಶವಿಲ್ಲ.’ ಪೇಂಟಿಂಗಿನವನ ಪಕ್ಕದಲ್ಲಿ ನಿಂತು ಅಕ್ಷರ ದಪ್ಪ ಮಾಡು ಅಂತ ಹೇಳಿದವನು ನಾನೇ. ಒಳಗಿಂದ ಸಮೋಸದ ವಾಸನೆ ಬರುತ್ತಿತ್ತು.

ಆಗ ಅಜ್ಜಿಯ ಮಾತು ನೆನಪಾಯಿತು. ಅಂದು ಕೇಳಿ ನಕ್ಕಿದ್ದೆ. ಈಗ ಅದು ನನಗೇ ಹೇಳಿದ ಬುದ್ಧಿಮಾತಿನ ಹಾಗೆ ಕೇಳಿಸಿತು. ಸೀದಾ ಹೋಗಿ ಸ್ಕೂಟರನ್ನು ಹುಣಸೆಮರದ ಕೆಳಗೆ, ಬೋರ್ಡಿಗೆ ಮುಟ್ಟುವ ಹಾಗೆ ನಿಲ್ಲಿಸಿ, ದೂರದಲ್ಲಿ ಕೂತೆ. ಯಾರೂ ಚೀಟಿ ಹಾಕಲಿಲ್ಲ. ಎರಡನೇ ವಾರವೂ ಇಲ್ಲ. ಮೂರನೇ ವಾರ ಹೋಗಿ ನೋಡಿದರೆ, ಸೀಟಿನ ಮೇಲೆ ಹಕ್ಕಿ ಗಲೀಜು ಮಾಡದಿರಲಿ ಅಂತ ಯಾರೋ ಗೋಣಿತಾಟು ಹೊದಿಸಿದ್ದರು. ಕಾವಲಿನವರನ್ನು ಕೇಳಿದೆ. “ಭಾಯ್ ಹೇಳವ್ರೆ ಸಾರ್. ಸಾರ್ ಗಾಡಿ, ಮುಟ್ಟಬ್ಯಾಡಿ ಅಂತ.” ಮರ್ಯಾದೆ ಅನ್ನುವುದು ಮನುಷ್ಯನಿಗೆ ಇಷ್ಟು ತೊಂದರೆ ಕೊಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆ ಹೊತ್ತಿಗೆ ನನ್ನ ಭಾಮೈದ ರಜೆಗೆ ಮನೆಗೆ ಬಂದ. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಹೊಸ ಬೈಕು ತೆಗೆದುಕೊಂಡಿದ್ದ. ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. “ಒಂದ್ ರೌಂಡು ಹೋಗ್ಬರ್ತೀನಿ ಕಣಪ್ಪ” ಎಂದು ಕೀ ಇಸಿದುಕೊಂಡೆ. ಗೇಟಿನ ಪುಸ್ತಕದಲ್ಲಿ ‘ಬಂದ ಉದ್ದೇಶ’ ಅನ್ನುವ ಕಡೆ ‘ಲೈಬ್ರರಿ’ ಎಂದು ಬರೆದೆ. ಆ ಪುಸ್ತಕಕ್ಕೆ ಗೆರೆ ಹಾಕಿದವನು ನಾನೇ, ಅದರಲ್ಲಿ ಸುಳ್ಳು ಬರೆದ ಮೊದಲನೆಯವನೂ ಬಹುಶಃ ನಾನೇ.

ಬೈಕನ್ನು ಮರದ ಕೆಳಗೆ ನಿಲ್ಲಿಸಿ, ಒಂದು ಚೀಟಿ ಬಿದ್ದರೆ ಸಾಕು ಅಂತ ದೇವರಿಗೆ ಕೈಮುಗಿದು ಕ್ಯಾಂಟೀನಿಗೆ ಹೋದೆ. ವಾಪಸ್ಸು ಬಂದು ನೋಡಿದರೆ ಬೈಕೇ ಇಲ್ಲ. ಸ್ಟಿಕ್ಕರ್ ಇಲ್ಲದ ಹೊರಗಿನ ಗಾಡಿಯಾದರೆ ಮೊದಲನೇ ಸಲವೇ ಎಳೆಯಬೇಕು ಅನ್ನುವ ನಿಯಮ ಮರೆತೇ ಹೋಗಿತ್ತು. ಅದನ್ನು ಬರೆದವನೂ ನಾನೇ. ಚೀಟಿ ಬೇಡಿದವನಿಗೆ ದೇವರು ಕೇಸನ್ನೇ ಕೊಟ್ಟಿದ್ದ. ಬಸ್ಸಿನಲ್ಲಿ ಮನೆಗೆ ಹೋದೆ. ನನ್ನ ಮುಖದಲ್ಲಿದ್ದ ಸಂತೋಷವನ್ನು ನೋಡಿ ಭಾಮೈದ ಬೈಕು ಚೆನ್ನಾಗಿ ಓಡಿತು ಎಂದೇ ತಿಳಿದ. ವಿಷಯ ಹೇಳಿದಾಗ ಅವನು ಬಹಳ ಹೊತ್ತು ಸೀಟಿನ ಪ್ಲಾಸ್ಟಿಕ್ಕಿನ ಬಗ್ಗೆಯೇ ಮಾತಾಡಿದ. ಸೋಮವಾರ ಶಿಫ್ಟಿಗೆ ಹೋಗಬೇಕಲ್ಲ, ನನ್ನ ಹಳೇ ಸ್ಕೂಟರನ್ನು ಅವನಿಗೆ ಕೊಟ್ಟು ಕಳಿಸಿದೆ.

ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ಪುಟದ ವಿವರಣೆ ಜೇಬಿನಲ್ಲಿಟ್ಟುಕೊಂಡು ಹೋದೆ. ಗುಮಾಸ್ತೆ ಹುಡುಗಿ ಬಾಗಿಲಲ್ಲೇ ಸಿಕ್ಕಳು. “ಅಯ್ಯೋ ಸರ್, ನಿಮ್ಮ ಗಾಡಿ ಅಂತ ಗೊತ್ತಾಗ್ಲಿಲ್ಲ. ಫೈಲ್ ಕ್ಲೋಸ್ ಮಾಡಿದ್ದೀನಿ. ಕೀ ತಗೊಂಡು ಹೋಗ್ಬಿಡಿ, ನೀವು ಒಳಗೆ ಬರೋದೇನೂ ಬೇಡ.”

“ಇಲ್ಲಮ್ಮ, ಸಮಿತಿ ಮುಂದೆ ಇಡದೆ ಫೈಲು ಮುಚ್ಚೋ ಹಾಗಿಲ್ಲ. ನಿಯಮ ಇದೆ. ನಾನೇ ಬರೆದಿದ್ದು” ಎಂದೆ. ಅವಳು ನನ್ನ ಮುಖ ನೋಡಿ, ಒಳಗೆ ಹೋಗಿ ನನ್ನ ಹೆಸರು ಕೂಗಿದಳು.

ಅದೇ ಮೇಜು, ಅದೇ ಮೂವರು, ಬಾಗಿಲಲ್ಲಿ ಭಾಯ್. ಮನೆಯಲ್ಲಿ ಬರೆದುಕೊಂಡು ಹೋಗಿದ್ದ ಎರಡು ಪುಟದಲ್ಲಿ ಮಂಡಿನೋವು, ರೇಷ್ಮೆಗೂಡು ಎಲ್ಲಾ ಇತ್ತು. ಅವರ ಮುಂದೆ ನಿಂತ ಮೇಲೆ ಅದನ್ನು ಓದಲಾಗಲಿಲ್ಲ. ಮಡಿಸಿ ಜೇಬಿಗಿಟ್ಟು ಬಾಯಲ್ಲೇ ಹೇಳಿದೆ. “ಅಲ್ಲಿ ನಿಲ್ಲಿಸಬಾರದು ಅಂತ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು ಸಾರ್. ಗೊತ್ತಿದ್ದೇ ನಿಲ್ಲಿಸಿದೆ. ಕೇಸಿಲ್ಲದೆ ಒಳಗೆ ಬಿಡಲ್ಲ. ನನಗೆ ಇಲ್ಲಿಗೆ ಬರಬೇಕಿತ್ತು.”

ಸದಸ್ಯರೊಬ್ಬರು ಕೆಮ್ಮಿ, “ತಪ್ಪು ಒಪ್ಕೊಂಡಿದ್ದಾರೆ. ಗಾಡಿ ಬಿಟ್ಟು ಕೇಸು ಮುಗಿಸೋಣ” ಎಂದರು.

“ಇಷ್ಟು ಬೇಗ ಮುಗಿಸಬೇಡಿ ಸಾರ್,” ಎಂದೆ. ಅದು ಬೇಡಿಕೊಂಡ ಹಾಗೇ ಇತ್ತು.

ಆಗ ಬಾಗಿಲಿಂದ ಭಾಯ್ ಮುಂದೆ ಬಂದರು. “ಸಾರ್, ಸಾಕ್ಷಿ ನಾನು, ನನ್ನ ಮಾತೂ ಕೇಳ್ಬೇಕು. ಈ ಕೇಸು ಸುಲಭದ್ದಲ್ಲ. ಗಾಡಿ ಒಬ್ರದ್ದು. ನಿಲ್ಸಿದೋರು ಇನ್ನೊಬ್ರು. ಮರ ಅಜ್ಜೀದು. ಎಲ್ಲಾರನ್ನೂ ವಿಚಾರ್ಸಬೇಕು. ಒಂದು ವಾರಕ್ಕೆ ಆಗೋದಲ್ಲ ಸಾರ್.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಒರೆಸಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಆಮೇಲೆ ನಿಧಾನವಾಗಿ ಬರೆದು, ಗಟ್ಟಿಯಾಗಿ ಓದಿದರು: “ಪ್ರಕರಣ ಜಟಿಲವಾಗಿದೆ. ವಿಚಾರಣೆಯನ್ನು ಮುಂದಿನ ಶನಿವಾರಕ್ಕೆ ಮುಂದೂಡಿದೆ. ಮೇಲ್ಮನವಿದಾರರು ಪ್ರತಿ ವಿಚಾರಣೆಗೂ ಖುದ್ದು ಹಾಜರಿರತಕ್ಕದ್ದು.” ಪೆನ್ನು ಮುಚ್ಚಿ ನನ್ನ ಕಡೆ ನೋಡಿದರು. “ಹೇಗೂ ಬಂದಿದ್ದೀರಿ. ಈ ಹುಡುಗೀದು ಮೆತ್ತಗಿನ ದನಿ. ಮುಂದಿನವರನ್ನ ಸ್ವಲ್ಪ ನೀವೇ ಕೂಗಿಬಿಡಿ.”

ಕೂಗಿದೆ. ಹುಣಸೆಮರದ ಕೆಳಗಿದ್ದ ಹಸು ತಲೆಯೆತ್ತಿ ನೋಡಿತು.

ಕೇಸಿನ ನಡುವೆ ನಾನೂ ಭಾಯೂ ಕಿಟಕಿ ಹತ್ತಿರ ನಿಂತಿದ್ದಾಗ ಕುಡುಮಲಕುಂಟೆಯಿಂದ ಫೋನು ಬಂತು.

“ಭಾವ, ಏನಾಯ್ತು ಗಾಡಿ?”

“ಮುಂದಿನ ಶನಿವಾರಕ್ಕೆ ಹಾಕವ್ರೆ ಕಣಪ್ಪ.”

“ಅಯ್ಯೋ ಭಾವ, ನಿಮ್ ಸ್ಕೂಟರ್‌ಗೆ ಕಿಕ್ ಹೊಡೆದೂ ಹೊಡೆದೂ ಕಾಲು ಬಿದ್ದೋಗದೆ. ಇನ್ನೂ ಎಷ್ಟು ದಿನ ನಡೆಯುತ್ತೆ ಈ ಕೇಸು?”

ಭಾಯ್ ಇನ್ನೊಂದು ಸಮೋಸವನ್ನು ನನ್ನ ಕೈಗಿಟ್ಟರು. ಬಿಸಿಯಾಗಿತ್ತು.

“ದೇವರು ದೊಡ್ಡವನು ಕಣಪ್ಪ,” ಎಂದೆ. “ಅಷ್ಟು ಬೇಗ ಮುಗಿಯಲ್ಲ.”